‘ಇನ್ನೆರಡು ಸಲ ಬರೆಯಿರಿ’

ಬೋಧನಾಭ್ಯಾಸದ ಎರಡನೆಯ ವಾರ ಎಂಟನೇ ತರಗತಿಗೆ ‘ಘರ್ಷಣೆ’ ಪಾಠ ಮಾಡುತ್ತಿದ್ದೆ. ಪಾಠಯೋಜನೆಯಲ್ಲಿ ವಿವರಣೆಯ ಹಂತಕ್ಕೆ 12 ನಿಮಿಷ ಎಂದು ಬರೆದಿತ್ತು. ನಡುವೆ ಒಬ್ಬ ಹುಡುಗ ಎದ್ದು, “ಮಿಸ್, ಒರಟಾಗಿದ್ರೆ ಘರ್ಷಣೆ ಜಾಸ್ತಿ ಅಂದ್ರಿ. ಸವೆದ ಟಯರು ಮಳೇಲಿ ಮಾತ್ರ ಯಾಕೆ ಅಷ್ಟು ಜಾರುತ್ತೆ?” ಎಂದು ಕೇಳಿದ. ಹಿಂದಿನ ಬೆಂಚಿನಲ್ಲಿ ವೀಕ್ಷಕರು ಕುಳಿತಿದ್ದರು. “ಆಮೇಲೆ ಹೇಳ್ತೀನಿ, ಕೂತ್ಕೋ” ಎಂದೆ. ಆ ‘ಆಮೇಲೆ’ ಅವತ್ತು ಬರಲೇ ಇಲ್ಲ. ಕೊನೆಯಲ್ಲಿ ಮೂವರು ಮಕ್ಕಳು ಬೇಗ ಬರೆದು ಮುಗಿಸಿದಾಗ ನನ್ನ ಬಾಯಿಂದ ಬಂದ ಮಾತು: “ಅದನ್ನೇ ಇನ್ನೆರಡು ಸಲ ಬರೆಯಿರಿ.” ನನ್ನ ವೀಕ್ಷಣಾ ಹಾಳೆಯಲ್ಲಿ ‘ಸಮಯಪಾಲನೆ ಉತ್ತಮ’ ಎಂದಿತ್ತು.

ಕೆಲವು ದಿನಗಳ ಬಳಿಕ ‘ಶಿಕ್ಷಕರ ವೃತ್ತಿ ಒತ್ತಡ’ ಎಂಬ ಸೆಮಿನಾರಿಗಾಗಿ ಓದಲು ಕುಳಿತೆ. ಧ್ಯಾನ, ಪ್ರಾಣಾಯಾಮ, ವೇಳಾಪಟ್ಟಿ ಇಂಥ ಸಲಹೆಗಳೇ ಸಿಗುತ್ತವೆ ಅಂದುಕೊಂಡಿದ್ದೆ. ಆದರೆ ಒತ್ತಡವನ್ನು ಮನುಷ್ಯರಲ್ಲಿ ಹುಡುಕುವ ಮೊದಲು ಕೆಲಸದಲ್ಲೇ ಹುಡುಕಿದ ಸಂಶೋಧಕರು ಸಿಕ್ಕರು. ಅವರು ‘ಕೆಲಸದ ವಿನ್ಯಾಸ’ ಎನ್ನುವುದು ಇಷ್ಟೇ: ಯಾವ ಕೆಲಸಗಳನ್ನು ಒಬ್ಬರ ಪಾಲಿಗೆ ಸೇರಿಸಿದ್ದಾರೆ, ಅದನ್ನು ಹೇಗೆ ಮಾಡಬೇಕೆಂದು ತೀರ್ಮಾನಿಸುವವರು ಯಾರು, ಜೊತೆಗೆ ಯಾರಿದ್ದಾರೆ.

1979ರಲ್ಲಿ ರಾಬರ್ಟ್ ಕರಾಸೆಕ್ ಅಮೆರಿಕ ಮತ್ತು ಸ್ವೀಡನ್‌ನ ಕೆಲಸಗಾರರ ಸಮೀಕ್ಷೆಗಳನ್ನು ವಿಶ್ಲೇಷಿಸಿ ಒಂದು ಪ್ರಬಂಧ ಪ್ರಕಟಿಸಿದರು. ಕೆಲಸದ ಹೊರೆಯೊಂದೇ ಮನಸ್ಸನ್ನು ದಣಿಸುವುದಿಲ್ಲ. ಹೊರೆ ಹೆಚ್ಚಿದ್ದು ತೀರ್ಮಾನದ ಸ್ವಾತಂತ್ರ್ಯ ಕಡಿಮೆ ಇದ್ದಾಗ ದಣಿವು ಹೆಚ್ಚು ಎಂಬುದು ಅವರ ವಾದ. ಹೊರೆಯೂ ಸ್ವಾತಂತ್ರ್ಯವೂ ಎರಡೂ ಹೆಚ್ಚಿದ್ದರೆ ಅದೇ ಕೆಲಸ ಕಲಿಕೆಗೆ ದಾರಿಯಾಗುತ್ತದೆ. 1988ರಲ್ಲಿ ಜಾನ್ಸನ್ ಮತ್ತು ಹಾಲ್ ಇದಕ್ಕೆ ಮೂರನೆಯದನ್ನು ಸೇರಿಸಿದರು: ಸಹೋದ್ಯೋಗಿಗಳ ಬೆಂಬಲ.

ಇದೇ ವಿಷಯಕ್ಕೆ ತಮ್ಮ ವೃತ್ತಿಜೀವನವನ್ನೇ ಕೊಟ್ಟವರು ಶರಾನ್ ಪಾರ್ಕರ್. ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡಿ, ಮುಂದೆ ಆಸ್ಟ್ರೇಲಿಯಾದ ಪರ್ತ್‌ನಲ್ಲಿರುವ ಕರ್ಟಿನ್ ವಿಶ್ವವಿದ್ಯಾಲಯದಲ್ಲಿ ಕೆಲಸದ ವಿನ್ಯಾಸಕ್ಕೆಂದೇ ಇರುವ ಕೇಂದ್ರವನ್ನು ಮುನ್ನಡೆಸಿದವರು. ವಾಹನ ತಯಾರಿಸುವ ಒಂದು ಕಾರ್ಖಾನೆಯನ್ನು ಮೂರು ವರ್ಷ ಗಮನಿಸಿ 2003ರಲ್ಲಿ ಅವರು ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೊಸ ಉತ್ಪಾದನಾ ಪದ್ಧತಿ ಬಂದಾಗ ಜೋಡಣಾ ಸಾಲಿನವರಿಗೆ ಹೆಚ್ಚು ಪೆಟ್ಟು ಬಿತ್ತು. ಅವರ ಸ್ವಾತಂತ್ರ್ಯ, ಕೌಶಲ ಬಳಸುವ ಅವಕಾಶ, ತೀರ್ಮಾನಗಳಲ್ಲಿ ಪಾಲು ಮೂರೂ ಕುಗ್ಗಿದ್ದೇ ಅದಕ್ಕೆ ದೊಡ್ಡ ಕಾರಣ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು 2019ರಲ್ಲಿ ಅವರೂ ಸಂಗಡಿಗರೂ ಪ್ರಕಟಿಸಿದ ಇನ್ನೊಂದು ಅಧ್ಯಯನ. ಅದರಲ್ಲಿ ಭಾಗವಹಿಸಿದವರಿಗೆ ಒಂದು ಅರೆಕಾಲಿಕ ಗುಮಾಸ್ತೆ ಕೆಲಸ ಕೊಟ್ಟು, ಅದನ್ನು ಪೂರ್ಣಕಾಲಿಕ ಮಾಡಿ ಎಂದರು. ಕೆಲಸವೆಲ್ಲ ಜೆರಾಕ್ಸ್ ತೆಗೆಯುವುದು, ಕಡತ ಜೋಡಿಸುವುದು. ಬೇರೆ ಬಗೆಯ ಕೆಲಸ ಸೇರಿಸುವ ಅವಕಾಶವಿದ್ದರೂ ಹಲವರು ಸೇರಿಸಿದ್ದು ಇನ್ನಷ್ಟು ಜೆರಾಕ್ಸ್, ಇನ್ನಷ್ಟು ಕಡತ. ಸ್ವಂತ ಉದ್ಯೋಗದಲ್ಲಿ ಸ್ವಾತಂತ್ರ್ಯ ಅನುಭವಿಸಿದವರು ಇತರರಿಗೂ ಉತ್ತಮ ಕೆಲಸ ರೂಪಿಸುವ ಸಾಧ್ಯತೆ ಹೆಚ್ಚಿತ್ತು. ಕೆಟ್ಟ ವಿನ್ಯಾಸ ಇನ್ನೊಂದು ಕೆಟ್ಟ ವಿನ್ಯಾಸವನ್ನು ಹೆರುತ್ತದೆ ಎಂಬುದೇ ಆ ಪ್ರಬಂಧದ ಶೀರ್ಷಿಕೆಯ ಅರ್ಥ.

ಓದಿದಾಗ ನೆನಪಾದದ್ದು ಆ ಮೂವರು ಮಕ್ಕಳು. ಬೇಗ ಮುಗಿಸಿದ ತಪ್ಪಿಗೆ ನಾನು ಅವರಿಗೆ ಕೊಟ್ಟದ್ದೂ ಜೆರಾಕ್ಸ್ ಕೆಲಸವೇ ತಾನೆ? ನಾನು ಅದನ್ನು ಕಲಿತದ್ದಾದರೂ ಎಲ್ಲಿಂದ? ಹಿಂದಿನ ರಾತ್ರಿ ಹನ್ನೊಂದರವರೆಗೆ ಕೂತು, ತಿದ್ದಿಸಿಕೊಂಡ ಪಾಠಯೋಜನೆಯನ್ನು ಒಂದಕ್ಷರ ಬದಲಿಸದೆ ರೆಕಾರ್ಡಿಗೆ ನಕಲು ಮಾಡಿದ್ದೆ. ಶಿಕ್ಷಕಿಯಾದ ಮೇಲೆ ದಿನವೂ ನಲವತ್ತು ಮಕ್ಕಳ ಕೆಲಸವನ್ನು ವಿನ್ಯಾಸ ಮಾಡಬೇಕಾದವಳು ನಾನು. ಆದ್ದರಿಂದ ನಮ್ಮ ತರಬೇತಿಯ ವಿನ್ಯಾಸ ಪ್ರಶಿಕ್ಷಣಾರ್ಥಿಗಳ ನೆಮ್ಮದಿಯ ಪ್ರಶ್ನೆ ಮಾತ್ರವಲ್ಲ. ಅದು ಮುಂದೆ ನಮ್ಮ ತರಗತಿಗಳಲ್ಲಿ ಕೂರುವ ಮಕ್ಕಳಿಗೂ ತಲುಪುತ್ತದೆ.

ಹೊಸಬರಿಗೆ ಚೌಕಟ್ಟು ಬೇಡವೇ ಎಂದು ಉಪನ್ಯಾಸಕರು ಕೇಳಬಹುದು. ಬೇಕು. ಮೊದಲ ವಾರ ಹಂತಗಳ ಆ ಪಟ್ಟಿ ಇಲ್ಲದಿದ್ದರೆ ನಾನು ಕರಿಹಲಗೆಯ ಮುಂದೆ ತೊದಲುತ್ತ ನಿಂತಿರುತ್ತಿದ್ದೆ. ಬೆಂಬಲವಿಲ್ಲದ ಸ್ವಾತಂತ್ರ್ಯ ಕೈಬಿಟ್ಟಂತೆಯೇ. ರಾಶಿ ರೆಕಾರ್ಡುಗಳನ್ನು ತಿದ್ದುವ ಉಪನ್ಯಾಸಕರ ಕೆಲಸವೂ ಚೆನ್ನಾಗಿ ವಿನ್ಯಾಸವಾಗಿಲ್ಲ ಎಂಬುದು ನನಗೆ ಕಾಣುತ್ತದೆ. ನನ್ನ ತಕರಾರು ಚೌಕಟ್ಟಿನ ಮೇಲಲ್ಲ, ಅದು ಮೊದಲ ಪಾಠದಿಂದ ಕೊನೆಯ ಪಾಠದವರೆಗೆ ಒಂದಿಂಚೂ ಸಡಿಲವಾಗದಿರುವುದರ ಮೇಲೆ.

ಮುಂದಿನ ವಾರ ಶಾಲೆಯ ಮಾರ್ಗದರ್ಶಕ ಶಿಕ್ಷಕಿಯವರಿಗೆ ಟಯರಿನ ವಿಷಯ ಹೇಳಿದೆ. “ನನ್ನ ಒಂದು ಪೀರಿಯಡ್ ತಗೊಳ್ಳಿ, ನಾನೂ ಇರ್ತೀನಿ” ಎಂದರು. ಒಂದು ಹೊಸ ಚಪ್ಪಲಿ, ಒಂದು ಸವೆದ ಚಪ್ಪಲಿ, ಒಂದು ಚೊಂಬು ನೀರು. ಒಣ ನೆಲದ ಮೇಲೂ ಒದ್ದೆ ನೆಲದ ಮೇಲೂ ಎರಡನ್ನೂ ಎಳೆದು ನೋಡಿದ ಮಕ್ಕಳು, ನೀರು ಹೊರಗೆ ಹೋಗಲು ಗೆರೆಗಳು ಬೇಕು ಎಂಬಲ್ಲಿಗೆ ತಾವೇ ಬಂದರು. ಬೇಗ ಮುಗಿಸಿದವರು ಇತರರ ಚಪ್ಪಲಿಗಳ ಅಡಿ ಪರೀಕ್ಷಿಸುತ್ತಿದ್ದರು. ಅಂದು ಹೆಚ್ಚು ಕೆಲಸ ಮಾಡಿದ್ದೆ, ಆದರೂ ಕಡಿಮೆ ದಣಿದಿದ್ದೆ.

ಹಾಗಾಗಿ ನನ್ನ ಕೋರಿಕೆ ಮೂರು. ಮೊದಲನೆಯದು, ಐದು ಪಾಠಗಳಾದ ಮೇಲೆ ಪ್ರತಿ ಐದರಲ್ಲಿ ಒಂದನ್ನಾದರೂ ಹಂತ, ನಿಮಿಷಗಳ ಕಟ್ಟಿಲ್ಲದೆ ಮಾರ್ಗದರ್ಶಕರೊಡನೆ ಚರ್ಚಿಸಿ ರೂಪಿಸಲು ಬಿಡಿ. ಎರಡನೆಯದು, ತಿದ್ದಿದ ಪಾಠಯೋಜನೆಯನ್ನೇ ರೆಕಾರ್ಡ್ ಎಂದು ಒಪ್ಪಿಕೊಳ್ಳಿ; ನಕಲಿನಿಂದ ಉಳಿದ ಸಮಯದಲ್ಲಿ ನಾವು ಪಾಠದ ನಂತರ ಏನಾಯಿತೆಂದು ಅಂಚಿನಲ್ಲಿ ಬರೆಯುತ್ತೇವೆ. ನಿಮಗೂ ಓದಲು ಒಂದು ಪ್ರತಿ ಕಡಿಮೆ. ಮೂರನೆಯದು, ವೀಕ್ಷಣಾ ಹಾಳೆಯಲ್ಲಿ ‘ಸಮಯಪಾಲನೆ’ಯ ಕೆಳಗೆ ಒಂದು ಸಾಲು ಸೇರಿಸಿ: ‘ಯೋಜನೆಯನ್ನು ಬಿಟ್ಟು ಮಕ್ಕಳ ಪ್ರಶ್ನೆಯ ಹಿಂದೆ ಹೋದ ಸಂದರ್ಭ’. ಆ ಸಾಲು ಅಂದು ಇದ್ದಿದ್ದರೆ ಆ ಹುಡುಗನನ್ನು ನಾನು ಕೂರಿಸುತ್ತಿರಲಿಲ್ಲ.