ಬಾಯಿ ಮುಚ್ಚು ಎನ್ನುವ ಮೊದಲು

ಟೀಚರ್ ಕೆಲಸಕ್ಕೆ ಸೇರಿ ಇಪ್ಪತ್ತೆಂಟು ವರ್ಷವಾಯಿತು. ಅಷ್ಟು ವರ್ಷಗಳಲ್ಲಿ ನಾನು ಅತಿ ಹೆಚ್ಚು ಸಲ ಆಡಿದ ಮಾತು ‘ಬಾಯಿ ಮುಚ್ಚು’ ಎಂಬುದೇ ಇರಬೇಕು. ಗಲಾಟೆ ಮಾಡುವವರಿಗೆ ಹೇಳಿದ್ದಕ್ಕೆ ನನಗೇನೂ ಬೇಸರವಿಲ್ಲ. ಆದರೆ ಐದನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಮಾತೇ ಆಡದವನು, ಆದರೂ ಬಾಯಿ ಸದಾ ತೆರೆದೇ ಇರುತ್ತಿತ್ತು. ಮೇಲಿನ ಹಲ್ಲುಗಳು ಒಂದರ ಮೇಲೊಂದು ಹತ್ತಿ ಕೂತಿದ್ದವು. ಎರಡನೆಯ ಪೀರಿಯಡ್ಡಿಗೇ ತೂಕಡಿಕೆ. ‘ನೊಣ ಹೋದೀತು, ಬಾಯಿ ಮುಚ್ಚೋ’ ಎಂದರೆ ಇಡೀ ತರಗತಿ ನಗುತ್ತಿತ್ತು, ಅವನೂ ನಗುತ್ತಿದ್ದ. ಎಷ್ಟೋ ದಿನ ಅವನನ್ನು ನಿಲ್ಲಿಸಿಯೇ ಪಾಠ ಮಾಡಿದ್ದೇನೆ. ಸ್ಟಾಫ್ ರೂಮಿನಲ್ಲಿ ನಾವು ಅವನಿಗಿಟ್ಟ ಹೆಸರು ಕುಂಭಕರ್ಣ.

‘ರಾತ್ರಿ ಟಿ.ವಿ. ನೋಡ್ತಾ ಕೂರ್ತಾನೇನಮ್ಮ?’ ಎಂದು ಅವನ ತಾಯಿಯನ್ನು ಕೇಳಿದ್ದೆ.

‘ಇಲ್ಲ ಮಿಸ್, ಒಂಬತ್ತಕ್ಕೆಲ್ಲ ಮಲಗಿಬಿಡ್ತಾನೆ. ಅವರಪ್ಪನ ಥರಾನೇ ಗೊರಕೆ ಹೊಡ್ಕೊಂಡು ಸುಖವಾಗಿ ನಿದ್ದೆ ಮಾಡ್ತಾನೆ.’

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂದುಕೊಂಡು ನಾನೂ ಸುಮ್ಮನಾದೆ.

ಆ ವರ್ಷದ ಪ್ರವಾಸದಲ್ಲಿ ಶೃಂಗೇರಿಯಲ್ಲಿ ಒಂದು ರಾತ್ರಿ ಉಳಿದೆವು. ಮಕ್ಕಳೆಲ್ಲ ಹಾಲಿನಲ್ಲಿ ಸಾಲಾಗಿ ಮಲಗಿದ್ದರು. ನಡುರಾತ್ರಿ ಎಣಿಸಿಕೊಳ್ಳಲು ಹೋದವಳು ಅವನ ಹತ್ತಿರ ನಿಂತುಬಿಟ್ಟೆ. ಕತ್ತನ್ನು ಹಿಂದಕ್ಕೆ ಚಾಚಿ ಗೊರಕೆ ಹೊಡೆಯುತ್ತಿದ್ದ. ಗೊರಕೆ ಇದ್ದಕ್ಕಿದ್ದಂತೆ ನಿಂತಿತು. ಎದೆ ಮೇಲೆ ಕೆಳಗೆ ಆಡುತ್ತಿದೆ, ಉಸಿರಿನ ಸದ್ದು ಮಾತ್ರ ಇಲ್ಲ. ಒಂದು, ಎರಡು ಎಂದು ಎಣಿಸತೊಡಗಿದೆ. ಹನ್ನೆರಡಕ್ಕೆ ನೀರಿನಿಂದ ಮೇಲೆದ್ದವನಂತೆ ಏದುಸಿರು ಬಿಟ್ಟು, ಮಗ್ಗುಲು ಬದಲಿಸಿದ. ಆ ಚಳಿಯಲ್ಲೂ ಅಂಗಿ ಬೆವರಿನಲ್ಲಿ ನೆನೆದಿತ್ತು. ಮತ್ತೆ ಗೊರಕೆ, ಮತ್ತೆ ಮೌನ. ಸುಖನಿದ್ದೆ ಎಂದು ನಾವು ಹೆಸರಿಟ್ಟಿದ್ದುದು ಇದಕ್ಕೆ!

ನಾನು ಬಿ.ಎ., ಬಿ.ಎಡ್. ಮಾಡಿದವಳು, ಡಾಕ್ಟರಲ್ಲ. ಆದರೆ ಆಮೇಲೆ ಕೇಳಿ, ಓದಿ ತಿಳಿದದ್ದನ್ನು ಹೇಳದೆ ಇರಲಾರೆ. ಬಾಯಿಯ ಅಂಗುಳವೇ ಮೂಗಿನ ನೆಲ. ಮಾಳಿಗೆ ಮನೆಯಲ್ಲಿ ಕೆಳಗಿನವರ ಸೂರು ಮೇಲಿನವರಿಗೆ ನೆಲವಾಗುತ್ತದಲ್ಲ, ಹಾಗೆ. ಅಂಗುಳ ಇಕ್ಕಟ್ಟಾಗಿ ಗೋಪುರದಂತೆ ಮೇಲೆದ್ದರೆ ಹಲ್ಲಿಗೂ ಜಾಗವಿಲ್ಲ, ಮೂಗಿನೊಳಗೆ ಗಾಳಿಗೂ ಜಾಗವಿಲ್ಲ. ಮಕ್ಕಳಲ್ಲಿ ಈ ಅಂಗುಳದ ಮೂಳೆ ಎರಡು ಹೋಳು, ನಡುವಿನ ಬೆಸುಗೆ ಇನ್ನೂ ಬಲಿತಿರುವುದಿಲ್ಲ. ಅಲ್ಲಿ ಸಣ್ಣ ಸ್ಕ್ರೂ ಇರುವ ಸಾಧನವನ್ನು ಕೂರಿಸಿ, ಕೀಲಿಯಿಂದ ದಿನಕ್ಕೊಮ್ಮೆಯೋ ಎರಡು ಸಲವೋ ಕಾಲು ಮಿಲಿಮೀಟರಿನಷ್ಟು ತಿರುಗಿಸಿದರೆ ಕೆಲವೇ ವಾರಗಳಲ್ಲಿ ಅಂಗುಳ ಅಗಲವಾಗುತ್ತದೆ. ಇದು ನಿನ್ನೆ ಮೊನ್ನೆಯ ವಿದ್ಯೆಯಲ್ಲ. ಅಮೆರಿಕದ ಏಂಜೆಲ್ ಎಂಬ ದಂತವೈದ್ಯರು ಇದನ್ನು 1860ರಲ್ಲೇ ಬರೆದಿಟ್ಟಿದ್ದಾರೆ.

ಈಗ ನಮ್ಮ ಮನೆಗಳ ಕಡೆ ನೋಡಿ. ಹಲ್ಲಿಗೆ ತಂತಿ ಹಾಕಿಸುವ ಮಾತು ಎದ್ದಾಗಲೆಲ್ಲ ಅದರ ಹಿಂದೆ ಒಂದು ಮದುವೆ ಇರುತ್ತದೆ. ‘ನಾಳೆ ಗಂಡಿನ ಕಡೆಯವರು ಬಂದಾಗ ಹುಡುಗಿ ನಕ್ಕರೆ ಚೆನ್ನಾಗಿ ಕಾಣಬೇಕಲ್ಲ’ ಎಂದು ಹದಿನೆಂಟಕ್ಕೋ ಇಪ್ಪತ್ತಕ್ಕೋ ಕರೆದುಕೊಂಡು ಹೋಗುತ್ತೇವೆ. ಹುಡುಗನಾದರೆ ಅದೂ ಇಲ್ಲ, ಗಂಡಸಿನ ಹಲ್ಲು ಯಾರು ನೋಡುತ್ತಾರೆ! ಹೆಣ್ಣಿನ ಹಲ್ಲು ಪರರ ಕಣ್ಣಿಗಾಗಿ, ಗಂಡಿನ ಹಲ್ಲು ಯಾರಿಗೂ ಬೇಡ. ಆ ಬಾಯಿಯಿಂದ ಮಗು ಉಸಿರಾಡುತ್ತಿದೆ ಎಂಬುದು ಯಾರ ಲೆಕ್ಕಕ್ಕೂ ಬರಲಿಲ್ಲ. ಮೂಳೆಗೆ ನಮ್ಮ ಲಗ್ನದ ಲೆಕ್ಕ ಗೊತ್ತಿಲ್ಲವಲ್ಲ, ಹದಿಹರೆಯ ಕಳೆಯುವಷ್ಟರಲ್ಲಿ ಅದು ಬಲಿತುಬಿಡುತ್ತದೆ. ಆಮೇಲೆ ಅಂಗುಳ ಅಗಲಿಸಬೇಕಾದರೆ ಮೂಳೆಗೇ ಸ್ಕ್ರೂ ಹಾಕಬೇಕು, ಇಲ್ಲವೇ ಶಸ್ತ್ರಚಿಕಿತ್ಸೆ. ಎಂಟು ಹತ್ತು ವರ್ಷಕ್ಕೆ ತೋರಿಸಿದ್ದರೆ ಕೀಲಿ ಸಾಕಿತ್ತು.

ಹಾಗೆಂದು ತಂತಿ ಹಾಕಿಸಿದರೆ ಗೊರಕೆ ಮಾಯ ಎಂದು ಹೇಳುವವರನ್ನೂ ನಾನು ನಂಬುವುದಿಲ್ಲ. 2004ರಲ್ಲಿ ಇಟಲಿಯಿಂದ ಬಂದ ಒಂದು ಅಧ್ಯಯನದಲ್ಲಿ 31 ಮಕ್ಕಳಿಗೆ ಅಂಗುಳ ಅಗಲಿಸಿದ ಮೇಲೆ ನಿದ್ದೆಯಲ್ಲಿ ಉಸಿರು ಕಟ್ಟುವುದು ಬಹುಮಟ್ಟಿಗೆ ನಿಂತಿತ್ತು ನಿಜ. ಆದರೆ ಅವರೆಲ್ಲ ಇಕ್ಕಟ್ಟು ಅಂಗುಳದವರು, ಅಡಿನಾಯ್ಡ್, ಟಾನ್ಸಿಲ್ ಊದಿಕೊಳ್ಳದವರು. ಊದಿಕೊಂಡ ಮಕ್ಕಳಿಗೆ ಮೊದಲ ಬಾಗಿಲು ಕಿವಿ-ಮೂಗು-ಗಂಟಲಿನ ಡಾಕ್ಟರದು. ಅಂಗುಳ ಸರಿಯಿದ್ದವರಿಗೆ ಗೊರಕೆ ತಡೆಯಲೆಂದು ಅಗಲಿಸುವುದು ತರವಲ್ಲ ಎಂದು ಅಮೆರಿಕದ ವಕ್ರದಂತ ತಜ್ಞರ ಸಂಘವೇ 2019ರಲ್ಲಿ ಹೇಳಿದೆ. ಪರೀಕ್ಷೆ ಮಾಡದೆ ಮೊದಲ ದಿನವೇ ಪ್ಯಾಕೇಜ್ ರೇಟು ಹೇಳುವ ಕಡೆಯಿಂದ ಎದ್ದು ಬನ್ನಿ.

ನಮ್ಮ ಹುಡುಗನಿಗೆ ಎರಡೂ ಇತ್ತು. ಅಡಿನಾಯ್ಡ್ ತೆಗೆಸಿದರು, ಗೊರಕೆ ಅರ್ಧಕ್ಕಿಳಿಯಿತು. ಅವನ ತಂದೆ ‘ಹಲ್ಲಿಗೂ ದುಡ್ಡು ಸುರಿಯಬೇಕಾ’ ಎಂದು ತಿಂಗಳುಗಟ್ಟಲೆ ಎಳೆದರು. ಕೊನೆಗೆ ದಂತ ಕಾಲೇಜಿನ ಆಸ್ಪತ್ರೆಯಲ್ಲಿ ಕಡಿಮೆ ಖರ್ಚಿನಲ್ಲಿ ಆಯಿತು. ದಿನವೂ ಕೀಲಿ ತಿರುಗಿಸುತ್ತಿದ್ದವರು ತಾಯಿಯೇ. ಎರಡನೇ ವಾರ ಮುಂದಿನ ಎರಡು ಹಲ್ಲುಗಳ ನಡುವೆ ಸಂದು ಬಿದ್ದಾಗ ಹೆದರಿ ನನ್ನ ಮನೆಗೇ ಓಡಿಬಂದಿದ್ದರು. ಅಗಲವಾಗುತ್ತಿರುವ ಗುರುತೇ ಅದು, ಆಮೇಲೆ ಕೂಡಿಕೊಂಡಿತು. ಅಗಲವಾದ ಅಂಗುಳದಲ್ಲಿ ಹೊಸ ಮೂಳೆ ತುಂಬಿಕೊಳ್ಳಲೆಂದು ಸಾಧನವನ್ನು ಇನ್ನೂ ಆರು ತಿಂಗಳು ಹಾಗೇ ಬಿಟ್ಟಿದ್ದರು.

ಹುಡುಗ ರ‍್ಯಾಂಕ್ ಬರಲಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಎರಡನೆಯ ಪೀರಿಯಡ್ಡಿನಲ್ಲಿ ಎದ್ದಿರುತ್ತಾನೆ, ಈಗ ನಿಜಕ್ಕೂ ಮಾತಾಡಿ ಬೈಸಿಕೊಳ್ಳುತ್ತಾನೆ. ತೂಕಡಿಸುವವರಷ್ಟೇ ಅಲ್ಲ, ಒಂದು ಕಡೆ ಕೂರಲಾರದ ತಂಟೆಕೋರರಲ್ಲೂ, ಎಂಟು ವರ್ಷವಾದರೂ ಹಾಸಿಗೆ ಒದ್ದೆ ಮಾಡುವವರಲ್ಲೂ ಇದೇ ತೊಂದರೆ ಇರಬಹುದಂತೆ. ಅಂಥ ಎಷ್ಟು ಮಕ್ಕಳನ್ನು ನಿಲ್ಲಿಸಿದ್ದೇನೋ, ಹಳೆಯ ಹಾಜರಿ ಪುಸ್ತಕದಲ್ಲಿ ಅದು ಸಿಗುವುದಿಲ್ಲ.

ಮೊನ್ನೆ ಆ ತಾಯಿ ಸಿಕ್ಕಿದ್ದರು. ಮಗಳು ಮೂರನೆಯ ತರಗತಿ. ‘ಇವಳಿಗೂ ಹಲ್ಲು ಸೊಟ್ಟ ಮಿಸ್. ಹೆಣ್ಣು ಹುಡುಗಿ, ದೊಡ್ಡೋಳಾಗಲಿ, ಆಗ ಹಾಕಿಸೋಣ’ ಎಂದರು. ‘ಅಣ್ಣನ ಗೊರಕೆ ಕೇಳಿದ ಕಿವಿ ನಿಮ್ಮದು. ಇವತ್ತು ರಾತ್ರಿ ಇವಳ ಪಕ್ಕ ಅರ್ಧ ಗಂಟೆ ಎಚ್ಚರವಾಗಿರಿ’ ಎಂದೆ.

ಸೋಮವಾರ ಪ್ರಾರ್ಥನೆಗೆ ಮುಂಚೆಯೇ ಗೇಟಿನ ಹತ್ತಿರ ನಿಂತಿದ್ದರು. ‘ಇವಳೂ ಬಾಯಿ ತೆರೆದೇ ಮಲಗ್ತಾಳೆ ಮಿಸ್. ಆ ಮೂಗಿನ ಡಾಕ್ಟರು ಯಾವ ದಿನ ಸಿಗ್ತಾರೆ?’