ಸಂಜೆ ಏಳಕ್ಕೆ ಗ್ರೈಂಡರ್ ಬೇಡ

ನಮ್ಮನೆಯಲ್ಲಿ ಸಂಜೆ ಏಳು ಗಂಟೆ ಅಂದ್ರೆ ಗದ್ದಲದ ಹೊತ್ತು. ಆಫೀಸಿನಿಂದ ಬಂದ ಕೂಡಲೇ ನಾನು ದೋಸೆಹಿಟ್ಟಿಗೆ ಗ್ರೈಂಡರ್ ಹಾಕ್ತಿದ್ದೆ. ಇವರು ಸಂಪಿನ ಮೋಟರ್ ಹಾಕ್ತಿದ್ರು, ಮಗ ಯೂನಿಫಾರಂ ಇಸ್ತ್ರಿಗೆ ನಿಲ್ತಿದ್ದ. ಕಳೆದ ಬೇಸಿಗೆಯ ಒಂದು ಸಂಜೆ ಮೂರೂ ಒಟ್ಟಿಗೆ ಓಡ್ತಿದ್ದಾಗ ದೀಪ ಮಂಕಾಯ್ತು. “ಎಲ್ಲಾ ಈಗಲೇ ಆಗ್ಬೇಕಾ ಮಾರಾಯ್ತಿ?” ಅಂದ್ರು ಅತ್ತೆ.

ಅತ್ತೆಯ ತವರು ಶರಾವತಿ ಕಣಿವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಅವರ ಮನೆ, ತೋಟ ಎಲ್ಲ ನೀರಿನಡಿ ಹೋಯ್ತು. ಹೊಸ ಊರಿಗೆ ಹೋದ ಮೇಲೂ ಅವರು ಓದಿದ್ದು ಚಿಮಣಿ ದೀಪದಲ್ಲೇ. ಕರೆಂಟಿನ ವಿಷಯದಲ್ಲಿ ಅವರು ಆಡುವ ಮಾತನ್ನ ನಾನು ತಳ್ಳಿಹಾಕೋದಿಲ್ಲ.

ಮಧ್ಯಾಹ್ನ ಪಾವಗಡದಂಥ ಕಡೆ ಸೋಲಾರ್ ವಿದ್ಯುತ್ ಧಾರಾಳ. ಸೂರ್ಯ ಮುಳುಗೋದೂ ಮನೆಮನೆಯಲ್ಲಿ ಸ್ವಿಚ್ ಒತ್ತೋದೂ ಒಂದೇ ಹೊತ್ತಿಗೆ. ಆ ಕೊರತೆ ತುಂಬೋಕೆ ರಾಯಚೂರಿನಲ್ಲಿ ಕಲ್ಲಿದ್ದಲು ಉರೀಬೇಕು, ಶರಾವತಿಯ ನೀರು ಹರೀಬೇಕು. ಮಳೆಗಾಲದಲ್ಲಿ ಕೂಡಿಟ್ಟ ಆ ನೀರು ಮುಂದಿನ ಮಳೆವರೆಗೂ ಬರಬೇಕಲ್ಲ!

ಸರಿ, ಕೆಲಸದ ಹೊತ್ತು ಬದಲಿಸಿದೆವು. ಒಂದು ಎಚ್‌ಪಿ ಮೋಟರ್ ಗಂಟೆಗೆ ಮುಕ್ಕಾಲು ಯೂನಿಟ್ಟಿಗೂ ಹೆಚ್ಚು ತಗೊಳ್ಳುತ್ತೆ. ಅದು ಮಧ್ಯಾಹ್ನಕ್ಕೆ ಹೋಯ್ತು. ಎರಡು ಸಾವಿರ ವಾಟ್‌ನ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್; ಸಂಜೆಯ ಸ್ನಾನ ಬೇಸಿಗೆಯಲ್ಲಿ ತಣ್ಣೀರಿಗೆ ಬಂತು. ಬಟ್ಟೆ ಮಷೀನೂ ಗ್ರೈಂಡರೂ ಹಗಲಿಗೆ. ನನಗೋ ಸಂಜೆ ಆರಾಮ.

ಹದಿನೈದು ದಿನ ಆಗಿತ್ತು. ಅತ್ತೆ ಸೊಂಟಕ್ಕೆ ಎಣ್ಣೆ ಹಚ್ಕೊಳ್ತಾ ಕೂತಿದ್ರು. ಆಗ ಹೊಳೀತು. ಹಗಲು ಮನೇಲಿರೋರು ಅವರೊಬ್ಬರೇ. ಗ್ರೈಂಡರ್ ಕಲ್ಲು ಎತ್ತಿ ತೊಳೆಯೋದು, ಒದ್ದೆ ಬಟ್ಟೆ ಹರವೋದು, ಮೋಟರ್ ಆಫ್ ಮಾಡೋಕೆ ಓಡೋದು ಎಲ್ಲ ಎಪ್ಪತ್ತು ದಾಟಿದ ಅವರ ಮೇಲೆ ಬಿದ್ದಿತ್ತು. ನಾನು ಲೋಡ್ ಇಳಿಸಿದ್ದು ಲೈನಿನಿಂದ, ಏರಿಸಿದ್ದು ಅತ್ತೆ ಸೊಂಟದ ಮೇಲೆ. ನಾಚಿಕೆ ಆಯ್ತು.

ಈಗ ಲೆಕ್ಕ ಬೇರೆ. ಮೋಟರಿಗೆ ಇವರು ಟೈಮರ್ ಹಾಕಿಸಿದ್ದಾರೆ. ಹಿಟ್ಟು ರುಬ್ಬೋದು ಭಾನುವಾರ ಮಧ್ಯಾಹ್ನ, ನಾನೇ. ಉಬ್ಬಿದ ಕೂಡಲೇ ಫ್ರಿಜ್ಜಿಗೆ ಹೋದರೆ ಬುಧವಾರದವರೆಗೂ ದೋಸೆಗೆ ತೊಂದರೆ ಇಲ್ಲ. ವಾರದ ಇಸ್ತ್ರಿ ಅದೇ ದಿನ ಮಗನ ಪಾಲು. ಬಟ್ಟೆ ಶನಿವಾರ, ಭಾನುವಾರ ಹಗಲು, ಹರವೋದು ಅಪ್ಪ-ಮಗ. ಅಡುಗೆ, ಓದುವ ದೀಪ, ಫ್ಯಾನು ಇವನ್ನ ಮುಟ್ಟಿಲ್ಲ.

ದುಡ್ಡು ಉಳೀತಾ ಅಂತ ಕೇಳ್ಬೇಡಿ. ಗೃಹಜ್ಯೋತಿಯಲ್ಲಿ ನಮ್ಮ ಬಿಲ್ ಮೊದಲೇ ಸೊನ್ನೆ, ನಮ್ಮ ಮೀಟರಿಗೆ ಹಗಲೂ ಸಂಜೆಯೂ ಒಂದೇ. ಆದರೆ ಬಿಸಿಲಿನ ಹೊತ್ತಿಗೆ ಕಡಿಮೆ, ಪೀಕ್ ಹೊತ್ತಿಗೆ ಹೆಚ್ಚು ದರ ಅನ್ನೋ ನಿಯಮವನ್ನ ಕೇಂದ್ರ ಸರ್ಕಾರ 2023ರಲ್ಲೇ ತಂದಿದೆ. ಅಭ್ಯಾಸ ಇದ್ರೆ ಒಳ್ಳೇದಲ್ವಾ?

ನೀವೂ ಇವತ್ತು ಸಂಜೆ ಏಳಕ್ಕೆ ಮನೇಲಿ ಏನೇನು ಓಡ್ತಿದೆ ನೋಡಿ. ಹೊತ್ತು ಬದಲಿಸೋ ಮೊದಲು, ಆ ಹೊತ್ತಲ್ಲಿ ಕೆಲಸ ಯಾರ ಕೈಗೆ ಬೀಳುತ್ತೆ ಅಂತಾನೂ ಕೇಳ್ಕೊಳ್ಳಿ. ನಾನು ಅದನ್ನ ತಡವಾಗಿ ಕೇಳಿದೆ.