ದೀಪ ಮಂಕಾದರೆ ಬ್ಯಾಟರಿಯನ್ನೇ ದೂರಬೇಡಿ



ಮದುವೆಯ ಹಂಗಾಮು ಬಂತೆಂದರೆ ನಮ್ಮ ಮನೆಗಳಲ್ಲಿ ರಾತ್ರಿ ಪ್ರಯಾಣ ತಪ್ಪಿದ್ದಲ್ಲ. ಮರುದಿನ ಬೆಳಿಗ್ಗೆ ಅಂಗಡಿ ತೆರೆಯಬೇಕಲ್ಲ! ಅದಕ್ಕೇ ಈ ಸಲ ಹಳೆಯ ಗಾಡಿಯ ದೀಪದ ಮಾತು. ಇದು ನಾವು ಪುಸ್ತಕದಿಂದ ಕಲಿತದ್ದಲ್ಲ, ದುಡ್ಡು ಕಳೆದುಕೊಂಡು ಕಲಿತದ್ದು.

ನಮ್ಮದು 1998ರ ಚಿಕ್ಕ ಕಾರು. ಇಂಜಿನ್ ಗಟ್ಟಿ, ನೋಂದಣಿಯೂ ನವೀಕರಣವಾಗಿದೆ. ಹೋದ ಚಳಿಗಾಲದಲ್ಲಿ ಸಾಂಗಲಿಯ ಮದುವೆ ಮುಗಿಸಿ ಜತ್ತಕ್ಕೆ ಹಿಂತಿರುಗುತ್ತಿದ್ದೆವು. ಮಗ ಗಾಡಿ ನಡೆಸುತ್ತಿದ್ದ. ಹಿಂದಿನ ಸೀಟಿನಲ್ಲಿ ಮನೆಯವರು, ಸೊಸೆ, ಎರಡು ವರ್ಷದ ಮೊಮ್ಮಗಳು. ಕವಠೇಮಹಾಂಕಾಳ ದಾಟಿದ ಮೇಲೆ ಕಬ್ಬು ಹೇರಿದ ಟ್ರಾಲಿಯೊಂದು ರಸ್ತೆಯ ಮೇಲೆಯೇ ಕೆಟ್ಟು ನಿಂತಿತ್ತು. ಹಿಂದೆ ಕೆಂಪು ದೀಪವಿಲ್ಲ, ಹೊಳೆಯುವ ಪಟ್ಟಿಯಿಲ್ಲ. ಎದುರಿನಿಂದ ಬಂದ ಲಾರಿಯ ಬೆಳಕು ಆ ಕಬ್ಬಿನ ಮೇಲೆ ಬಿದ್ದದ್ದರಿಂದ ಮಗನಿಗೆ ಅದು ಕಂಡಿತು, ಬ್ರೇಕ್ ಒತ್ತಿದ. ನಾಲ್ಕು ಮಾರು ಉಳಿದಿತ್ತು. ನಮ್ಮ ದೀಪದಲ್ಲಿ ಅದು ಕಂಡಿರಲೇ ಇಲ್ಲ.

ದೀಪ ಮಂಕೆಂದು ನಮಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಎರಡು ತಿಂಗಳಿಂದ ಮಗ ಹೇಳುತ್ತಲೇ ಇದ್ದ. 'ಹಳೇ ಗಾಡಿ, ಇಷ್ಟೇ' ಎಂದು ನಾವೇ ಸುಮ್ಮನಾಗಿಸಿದ್ದೆವು. ಮರುದಿನವೇ ಅಂಗಡಿಗೆ ಹೋಗಿ ಸಾವಿರಾರು ರೂಪಾಯಿ ಕೊಟ್ಟು ಹೊಸ ಬ್ಯಾಟರಿ ಹಾಕಿಸಿದೆವು. ರಾತ್ರಿ ದೀಪ ಹಚ್ಚಿ ನೋಡಿದರೆ ಅದೇ ಹಳದಿ ಬೆಳಕು. ಆಮೇಲೆ ಪೇಟೆಯ ಹಳೆಯ ವಾಯರಮನ್ ಒಬ್ಬರನ್ನು ಕರೆಸಿದೆವು. ಅವರು ಬಾನೆಟ್ ಎತ್ತುವ ಮೊದಲು ಒಂದೇ ಪ್ರಶ್ನೆ ಕೇಳಿದರು:

"ಸಾವಕಾರ್ರ, ಸೆಲ್ಫ್ ಹೆಂಗ ಹೊಡೀತದ?"

"ಒಂದ ಏಟಿಗೆ ಹೊಡೀತದ."

"ಅಂದ ಮ್ಯಾಲ ಬ್ಯಾಟರಿ ಯಾಕ ತಗೊಂಡ್ರಿ?"

ನಮ್ಮ ಹತ್ತಿರ ಉತ್ತರವಿರಲಿಲ್ಲ. ಗಾಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಕರೆಂಟು ಎಳೆಯುವುದು ಸೆಲ್ಫ್. ಅದು ಚುರುಕಾಗಿ ತಿರುಗಿದರೆ ಬ್ಯಾಟರಿಯಲ್ಲಿ ಶಕ್ತಿ ಇದೆ ಎಂದೇ ಅರ್ಥ. ಹಾಗಾದರೆ ಆ ಶಕ್ತಿ ದೀಪಕ್ಕೆ ತಲುಪುವ ದಾರಿಯಲ್ಲಿ ಎಲ್ಲೋ ಸೋರುತ್ತಿದೆ.

ಇದನ್ನು ನಮ್ಮ ವ್ಯಾಪಾರದ ಮಾತಿನಲ್ಲಿ ಹೇಳಬಹುದು. ಗಾಡಿ ನಡೆಯುವಾಗ ಗಳಿಸುವುದು ಆಲ್ಟರ್ನೇಟರ್. ದೀಪ, ಹಾರ್ನ್, ವೈಪರ್ ಎಲ್ಲವೂ ಖರ್ಚು. ಬ್ಯಾಟರಿ ಕೂಡಿಟ್ಟ ಗಂಟು. ಗಳಿಕೆ ಚೆನ್ನಾಗಿದ್ದು, ಗಂಟೂ ಇದ್ದು, ಮಾಲು ಮಾತ್ರ ಗಿರಾಕಿಗೆ ಕಡಿಮೆ ತಲುಪುತ್ತಿದ್ದರೆ ಗೋದಾಮಿನ ಮೇಲೆ ಸಿಟ್ಟಾಗಿ ಏನು ಫಲ? ದಾರಿ ನೋಡಬೇಕು.

ವಾಯರಮನ್ ಇಂಜಿನ್ ಚಾಲೂ ಮಾಡಿ, ದೀಪ ಹಚ್ಚಿ, ಮೀಟರಿನಿಂದ ಅಳೆದರು. ಬ್ಯಾಟರಿಯ ಎರಡು ತುದಿಗಳ ನಡುವೆ 13.8 ವೋಲ್ಟ್. ಬಲ್ಬಿನ ಹೋಲ್ಡರಿನಲ್ಲಿ 11.4. ಅಂದರೆ 2.4 ವೋಲ್ಟ್ ದಾರಿಯಲ್ಲೇ ಖರ್ಚು! ಬಳಿಕ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಮೇಲೆ, ಇನ್ನೊಂದು ಗಾಡಿಯ ಬಾಡಿಯ ತಗಡಿನ ಮೇಲೆ ಇಟ್ಟರು. ಅಲ್ಲಿಯೇ 1.6 ವೋಲ್ಟ್ ತೋರಿಸಿತು. ಅಲ್ಲಿ 0.2ಕ್ಕಿಂತ ಹೆಚ್ಚು ಬರಬಾರದು.

ಬಲ್ಬಿನ ಸ್ವಭಾವವೊಂದನ್ನು ತಿಳಿದಿರಬೇಕು. ವೋಲ್ಟ್ ಹತ್ತರಲ್ಲಿ ಒಂದು ಪಾಲು ಇಳಿದರೆ ಬೆಳಕು ಹತ್ತರಲ್ಲಿ ಸುಮಾರು ಮೂರು ಪಾಲು ಇಳಿಯುತ್ತದೆ. ನಮ್ಮ ಲೆಕ್ಕದಲ್ಲಿ ಉಳಿದದ್ದು ಸರಿಸುಮಾರು ಅರ್ಧ ಬೆಳಕು. ಅರ್ಧ ಬೆಳಕಿನಲ್ಲಿ ನಾವು ಮೊಮ್ಮಗಳನ್ನು ಕೂರಿಸಿಕೊಂಡು ಬಂದಿದ್ದೆವು.

ತಪ್ಪು ಎಲ್ಲಿತ್ತು? ಬ್ಯಾಟರಿಯ ಮೈನಸ್ಸಿನಿಂದ ಒಂದು ದಪ್ಪ ತಂತಿ ಇಂಜಿನ್ನಿಗೆ, ಇನ್ನೊಂದು ಸಣ್ಣ ತಂತಿ ಬಾಡಿಗೆ ಹೋಗುತ್ತದೆ. ಸೆಲ್ಫ್ ದಪ್ಪ ತಂತಿಯನ್ನು ನಂಬಿದೆ. ದೀಪ, ಹಾರ್ನ್, ಇಂಡಿಕೇಟರ್ ಸಣ್ಣದನ್ನು. ಬಾಡಿಗೆ ಬಿಗಿದ ಆ ಸಣ್ಣ ತಂತಿಯ ಬೋಲ್ಟು ತುಕ್ಕು ಹಿಡಿದಿತ್ತು. ಕೈಯಿಟ್ಟರೆ ಬೆಚ್ಚಗಿತ್ತು. ದೀಪಕ್ಕೆ ಹೋಗಬೇಕಾದ ಶಕ್ತಿ ಅಲ್ಲಿ ಶಾಖವಾಗಿ ಹೋಗುತ್ತಿತ್ತು. ಅವರು ಬೋಲ್ಟು ಬಿಚ್ಚಿ, ತಗಡು ಹೊಳೆಯುವ ತನಕ ಪಾಲಿಶ್ ಕಾಗದದಿಂದ ಉಜ್ಜಿ, ಹೊಸ ತಂತಿ ಬಿಗಿದು, ಮೇಲೆ ವ್ಯಾಸಲಿನ್ ಸವರಿದರು. ದೀಪ ಬೆಳ್ಳಗಾಯಿತು. ಕೂಲಿ ಕೇಳಿದ್ದು ಇನ್ನೂರು ರೂಪಾಯಿ.

ಉಳಿದ 0.8 ವೋಲ್ಟ್ ಹಳೆಯ ಸ್ವಿಚ್ಚು ಮತ್ತು ಸಣ್ಣ ವಾಯರಿನಲ್ಲಿ ಹೋಗುತ್ತಿತ್ತು. 55 ವಾಟಿನ ಎರಡು ಬಲ್ಬು 9 ಆಂಪಿಯರಿನಷ್ಟು ಎಳೆಯುತ್ತವೆ. ಹಲವು ಹಳೆಯ ಗಾಡಿಗಳಲ್ಲಿ ಅಷ್ಟೂ ಕರೆಂಟು ಸ್ಟಿಯರಿಂಗ್ ಬಳಿಯ ಸ್ವಿಚ್ಚಿನೊಳಗಿಂದಲೇ ಹಾಯುತ್ತದೆ. ಬ್ಯಾಟರಿಯಿಂದ ಫ್ಯೂಸ್ ಸಹಿತ ದಪ್ಪ ವಾಯರ್ ಎಳೆದು ನಡುವೆ ರಿಲೇ ಹಾಕಿಸಿದರೆ ಸ್ವಿಚ್ಚಿಗೆ ಬರೀ ಸೂಚನೆ ಕೊಡುವ ಕೆಲಸ ಉಳಿಯುತ್ತದೆ. ನಾವು ಅದನ್ನೂ ಮಾಡಿಸಿದೆವು.

ಈಗ ವಾಚಕರು ಮನೆಯಲ್ಲೇ ಮಾಡಬಹುದಾದ ಪರೀಕ್ಷೆ. ಮುಸ್ಸಂಜೆ ಗಾಡಿಯನ್ನು ಗೋಡೆಯೆದುರು ನಿಲ್ಲಿಸಿ, ಇಂಜಿನ್ ಚಾಲೂ ಇಟ್ಟು ದೀಪ ಹಚ್ಚಿ. ಗೇರ್ ನ್ಯೂಟ್ರಲ್, ಕೈಬ್ರೇಕ್ ಬಿಗಿ. ಒಬ್ಬರು ಒಳಗೆ ಕೂತು ಹಾರ್ನ್, ಇಂಡಿಕೇಟರ್, ಬ್ರೇಕ್, ವೈಪರ್ ಒಂದೊಂದಾಗಿ ಒತ್ತಲಿ. ಇನ್ನೊಬ್ಬರು ಬದಿಯಲ್ಲಿ ನಿಂತು ಗೋಡೆ ನೋಡಲಿ.

ಆಕ್ಸಿಲರೇಟರ್ ಒತ್ತಿದಾಗ ಬೆಳಕು ತುಂಬಾ ಏರಿ, ಬಿಟ್ಟಾಗ ತುಂಬಾ ಇಳಿದರೆ ಫ್ಯಾನ್ ಬೆಲ್ಟ್ ಸಡಿಲವೋ, ಆಲ್ಟರ್ನೇಟರ್ ಸೊರಗಿದೆಯೋ ನೋಡಿಸಿ. ಡೈನಮೋ ಇದ್ದ ಇನ್ನೂ ಹಳೆಯ ಗಾಡಿಗಳಲ್ಲಿ ಮಾತ್ರ ಇದು ಸ್ವಲ್ಪಮಟ್ಟಿಗೆ ಸಹಜ. ಇಂಡಿಕೇಟರ್ ಜೊತೆ ಟೆಂಪರೇಚರ್ ಮುಳ್ಳು ಕುಣಿದರೆ, ಹಾರ್ನ್ ಒತ್ತಿದಾಗ ದೀಪ ಕಣ್ಣು ಮುಚ್ಚಿದರೆ, ಬಾಡಿಯ ಅರ್ಥಿಂಗ್ ಮೇಲೆ ಸಂಶಯಪಡಿ. ಒಂದೇ ದೀಪ ಮಂಕಾಗಿದ್ದರೆ ಆ ದೀಪದ ಹೋಲ್ಡರ್ ಮತ್ತು ಅದರ ಅರ್ಥಿಂಗ್ ತಂತಿ. ವೋಲ್ಟ್ ಸರಿಯಿದ್ದೂ ಬೆಳಕಿಲ್ಲದಿದ್ದರೆ ಗಾಜು ಮಸುಕಾಗಿದೆ ಅಥವಾ ಒಳಗಿನ ಕನ್ನಡಿ ಹೊಳಪು ಕಳೆದಿದೆ.

ಬ್ಯಾಟರಿಯನ್ನೂ ಅಳೆಯಿರಿ. ಗಾಡಿ ರಾತ್ರಿಯಿಡೀ ನಿಂತ ಮೇಲೆ ಬೆಳಿಗ್ಗೆ ಸುಮಾರು 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಇದ್ದರೆ ಅರ್ಧ. ಇಂಜಿನ್ ಚಾಲೂ ಇದ್ದಾಗ 13.8ರಿಂದ 14.4 ಬಂದರೆ ಗಳಿಕೆ ಸರಿಯಿದೆ.

ಮಾಡಬಾರದ್ದೂ ಕೆಲವಿವೆ. ಬೆಳಕು ಸಾಲದೆಂದು 100 ವಾಟಿನ ಬಲ್ಬು ಹಾಕಬೇಡಿ. ಹಳೆಯ ಹೋಲ್ಡರ್ ಕರಗುತ್ತದೆ, ಎದುರಿನವನ ಕಣ್ಣೂ ಕುಕ್ಕುತ್ತದೆ. ಫ್ಯೂಸ್ ಸುಟ್ಟರೆ ದೊಡ್ಡದನ್ನೋ, ತಂತಿಯನ್ನೋ ತುರುಕಬೇಡಿ. ಸುಡಬೇಕಾದದ್ದು ಫ್ಯೂಸು, ಗಾಡಿಯಲ್ಲ. ಇಂಜಿನ್ ಚಾಲೂ ಇರುವಾಗ ಬ್ಯಾಟರಿಯ ವಾಯರ್ ಕಿತ್ತು 'ಚಾರ್ಜ್ ನೋಡುವ' ಡೈನಮೋ ಕಾಲದ ಪದ್ಧತಿ ಈಗ ಬೇಡ, ಆಲ್ಟರ್ನೇಟರ್ ಹಾಳಾಗುತ್ತದೆ. ಬ್ಯಾಟರಿ ಬಿಚ್ಚುವಾಗ ಮೈನಸ್ ಮೊದಲು, ಜೋಡಿಸುವಾಗ ಮೈನಸ್ ಕೊನೆಗೆ. ಅದರ ಬಳಿ ಕಿಡಿ, ಬೆಂಕಿ ಸುಳಿಯಬಾರದು. ತಿರುಗುವ ಬೆಲ್ಟಿನ ಹತ್ತಿರ ಸೆರಗು, ಉತ್ತರೀಯ, ಮಕ್ಕಳ ಕೈ ಬಾರದಂತೆ ನೋಡಿಕೊಳ್ಳಿ.

ನಾವು ಅಂಗಡಿಯ ವಹಿಯಲ್ಲಿ ಹತ್ತು ರೂಪಾಯಿ ವ್ಯತ್ಯಾಸ ಬಂದರೆ ರಾತ್ರಿ ಹನ್ನೊಂದರವರೆಗೆ ಕೂತು ಹುಡುಕುವವರು. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೋಗುವ ಗಾಡಿಯ ದೀಪ ಅರ್ಧವಾದರೆ ಮಾತ್ರ ಎರಡು ತಿಂಗಳು ಸುಮ್ಮನಿದ್ದೆವು. ಆ ತಪ್ಪು ನಿಮ್ಮಿಂದಾಗದಿರಲಿ. ಮುಂದಿನ ಮದುವೆಗೆ ಹೊರಡುವ ಮೊದಲು ಒಂದು ಸಂಜೆ ಗೋಡೆಯೆದುರು ಗಾಡಿ ನಿಲ್ಲಿಸಿ. ಎದುರಿನ ಲಾರಿಯ ಬೆಳಕು ಎಲ್ಲ ರಾತ್ರಿಯೂ ಸಮಯಕ್ಕೆ ಬರುವುದಿಲ್ಲ.